ನಾಲ್ಕು ಕಡೆ ರೈಲು ಬದಲಾಯಿಸಬೇಕಂತೆ

12 ಮಾರ್ಚ್ 2026, ಗುರುವಾರ
ಮ್ಯೂನಿಕ್, ರಾತ್ರಿ ಹನ್ನೊಂದೂಕಾಲು

ಪುಟ್ಟಿ ಈಗಷ್ಟೇ ಮಲಗಿದ್ಳು. ಹೀಗೆ ಬರೆಯೋಕೂ ಹೆದ್ರಿಕೆ, ಬರೆದ ತಕ್ಷಣ ಏಳ್ತಾಳೆ. ಇವ್ರು ಲ್ಯಾಪ್‌ಟಾಪ್ ಅಡುಗೆಮನೆ ಟೇಬಲ್ ಮೇಲೆ ಹಂಗೇ ಬಿಟ್ಟು ಹೋಗಿ ಮಲ್ಕೊಂಡಿದಾರೆ, ಮುಚ್ಚೋಣ ಅಂತ ನೋಡಿದ್ರೆ ಹದಿನಾಲ್ಕು ಟ್ಯಾಬು, ಎಲ್ಲಾ ರೈಲಿಂದೇ. ಕೊನೇದ್ರಲ್ಲಿ ಕಾಣಿಸ್ತು: ಮ್ಯೂನಿಕ್‌ನಿಂದ ಸ್ವಿಟ್ಜರ್ಲೆಂಡಿನ ವೆಂಗನ್, ಜ್ಯೂರಿಚ್‌ನಲ್ಲಿ ಇಳಿ, ಬರ್ನ್‌ನಲ್ಲಿ ಇಳಿ, ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ಇಳಿ, ಲೌಟರ್‌ಬ್ರುನೆನ್‌ನಲ್ಲಿ ಇಳಿ. ಒಂದು ಕಡೆಯಂತೂ ಏಳೇ ನಿಮಿಷ. ನಿನ್ನೆ "ಸಲೀಸು ಕಣೇ, ಹತ್ತೋದು ಇಳಿಯೋದು ಅಷ್ಟೇ" ಅಂದಿದ್ರು. ಐದು ಸಲ ಹತ್ತೋದು ಐದು ಸಲ ಇಳಿಯೋದು ಅಂತ ಹೇಳ್ಲಿಲ್ಲ.

ಏಳು ನಿಮಿಷದಲ್ಲಿ ಏನಾಗತ್ತೆ ಅಂತ ಇವ್ರಿಗೆ ಗೊತ್ತಿಲ್ಲ. ನಾನು ಬೆಳಿಗ್ಗೆ ಸುಮ್ನೆ ಟೈಮ್ ಇಟ್ಟು ನೋಡಿದೆ. ಪುಟ್ಟೀನ ಎಡಗೈಲಿ ಎತ್ಕೊಂಡು ಬಲಗೈಲಿ ಪ್ರ್ಯಾಮ್ ಮಡಚೋದು. ನಾಲ್ಕು ನಿಮಿಷ, ಅದೂ ನಮ್ಮ ಹಾಲ್‌ನಲ್ಲಿ, ಹಿಂದೆ ಯಾರೂ ನೂಕದೆ ಇದ್ದಾಗ. ನಡುವೆ ಅವಳು ನನ್ನ ಕನ್ನಡಕ ಕಿತ್ತು ಸೋಫಾ ಕೆಳಗೆ ಎಸೆದ್ಳು.

ಮೊದ್ಲಿಂದ ಹೇಳ್ತೀನಿ. ಜೂನಲ್ಲಿ ಇವ್ರಿಗೆ ಎಲ್ಟರ್ನ್‌ಜೈಟ್, ಮಗು ನೋಡ್ಕೊಳ್ಳೋಕೆ ಅಪ್ಪಂಗೂ ಸಿಗೋ ರಜೆ. ಇಲ್ಲಿ ಎಲ್ಲರೂ ಆ ರಜೇಲಿ ಎಲ್ಲಿಗಾದ್ರೂ ಹೋಗ್ತಾರೆ, ಹಂಗಾಗಿ ನಾವೂ ಹೋಗ್ಬೇಕು. ಮೊದ್ಲು ರೋಮ್ ಅಂದ್ರು, ನೈಟ್‌ಜೆಟ್ ರಾತ್ರಿ ರೈಲು, ಇಲ್ಲಿ ಹತ್ತಿ ಮಲಗಿದ್ರೆ ಬೆಳಿಗ್ಗೆ ರೋಮ್. ಜೂನ್ ಬಿಸಿಲಲ್ಲಿ ಹತ್ತು ತಿಂಗಳ ಕೂಸಿಗೆ ರೋಮಾ ಅಂದೆ, ಬಾಯಿ ಮುಚ್ಕೊಂಡ್ರು. ಆಮೇಲೆ ಹುಡುಕಿದ್ದು ವೆಂಗನ್. ಬೆಟ್ಟದ ಮೇಲಿರೋ ಊರು, ಕೆಳಗಿಂದ ಅಲ್ಲಿಗೆ ಕಾರ್ ಹೋಗೋ ರಸ್ತೇನೇ ಇಲ್ಲ, ಹಳಿ ಮಧ್ಯದ ಹಲ್ಲು ಕಚ್ಕೊಂಡು ಬೆಟ್ಟ ಹತ್ತೋ ಹಲ್ಲುಹಳಿ ರೈಲಲ್ಲೇ ಹೋಗ್ಬೇಕು. ಕಾರ್ ಇರೋರೂ ಲೌಟರ್‌ಬ್ರುನೆನ್‌ನಲ್ಲಿ ಪಾರ್ಕ್ ಮಾಡಿ ನಮ್ಮ ಜೊತೆಗೇ ರೈಲು ಹತ್ಬೇಕು. ಇದು ಇವ್ರಿಗೆ ಯಾಕೆ ಅಷ್ಟು ಖುಷಿ ಕೊಡ್ತು ಅಂತ ನಿಮಗೆ ಗೊತ್ತಾಗಿರ್ಬೇಕು.

ಗೊತ್ತಿಲ್ದೋರಿಗೆ: ಇಂಡಿಯಾ ಲೈಸೆನ್ಸ್ ಜರ್ಮನಿಗೆ ಬಂದ್ಮೇಲೆ ಆರು ತಿಂಗಳಷ್ಟೇ ನಡೆಯೋದು. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಹೊಸದಾಗಿ ಪಾಸ್ ಮಾಡ್ಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಹತ್ತು ವರ್ಷ ಓಡಿಸಿದ ಮನುಷ್ಯ ಇಲ್ಲಿ ಪ್ರಾಕ್ಟಿಕಲ್‌ನಲ್ಲಿ ಎಷ್ಟು ಸಲ ಫೇಲ್ ಅಂತ ಬರೀಬೇಡ ಅಂದಿದಾರೆ. ಬರೆಯಲ್ಲ. ಒಂದಕ್ಕಿಂತ ಜಾಸ್ತಿ.

ಆದ್ರೆ ನಿಜ ಹೇಳ್ಬೇಕಂದ್ರೆ ಕಾರು ನನಗೂ ಬೇಡ. ಹೋದ ತಿಂಗಳು ಸ್ನೇಹಿತರ ಕಾರಲ್ಲಿ ಆಗ್ಸ್‌ಬರ್ಗ್‌ಗೆ ಹೋಗಿದ್ವಲ್ಲ, ಪೂರ್ತಿ ಒಂದು ಗಂಟೆ ಆ ಸೀಟಲ್ಲಿ ಬೆಲ್ಟ್ ಬಿಗಿಸ್ಕೊಂಡು ಕಿರುಚಿದ್ಳು, ಪಕ್ಕದಲ್ಲೇ ಕೂತಿದೀನಿ, ಎತ್ಕೊಳ್ಳೋ ಹಾಗಿಲ್ಲ, ಹಾಲು ಕೊಡೋ ಹಾಗಿಲ್ಲ, ಮುಖಕ್ಕೆ ಗಿಲಕಿ ಆಡಿಸ್ಕೊಂಡು ನಾನೂ ಅತ್ತೆ. ರೈಲಲ್ಲಿ ಕೊನೇ ಪಕ್ಷ ಮಡಿಲಲ್ಲಿ ಇರ್ತಾಳೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ, ಇಲ್ಲೂ ಇಲ್ಲ ಸ್ವಿಸ್‌ನಲ್ಲೂ ಇಲ್ಲ.

ಇವತ್ತು ಬರೆಯೋಕೆ ಕೂತಿದ್ದು ಇದಕ್ಕಲ್ಲ. ಲಿಫ್ಟಿಗೆ.

ಪುಟ್ಟಿಗೆ ಲಸಿಕೆ ಹಾಕಿಸ್ಕೊಂಡು ವಾಪಸ್ ಬರ್ತಾ ಇದ್ದೆ, ಸ್ಟೇಷನ್ನಲ್ಲಿ ಲಿಫ್ಟ್ ಕೆಟ್ಟಿತ್ತು. ಬಾಗಿಲಿಗೆ ಚೀಟಿ. ಮೂವತ್ತೆಂಟು ಮೆಟ್ಲು, ಎಣಿಸಿದೀನಿ, ಎಣಿಸೋ ಅಷ್ಟು ಹೊತ್ತು ನಿಂತಿದ್ದೆ. ರೈಲಿಂದ ಇಳಿದೋರೆಲ್ಲ ಪಕ್ಕದಲ್ಲೇ ದಡದಡ ಹತ್ತಿ ಹೋದ್ರು. ಕೇಳಿದ್ರೆ ಯಾರಾದ್ರೂ ಹಿಡೀತಾರೆ, ಗೊತ್ತು, ಆದ್ರೆ ನನಗೆ ಕೇಳೋಕೆ ಬಾಯಿ ಬರಲ್ಲ. ಇಷ್ಟು ವರ್ಷ ಆದ್ಮೇಲೂ ಜರ್ಮನ್‌ನಲ್ಲಿ ಸಹಾಯ ಕೇಳೋಕೆ ಮುಂಚೆ ಮನಸ್ಸಲ್ಲೇ ವಾಕ್ಯ ಜೋಡಿಸ್ಬೇಕು, ಜೋಡಿಸೋ ಹೊತ್ತಿಗೆ ಪ್ಲಾಟ್‌ಫಾರ್ಮ್ ಖಾಲಿ.

ಕೊನೇಲಿ ಒಬ್ರು ಅಜ್ಜಿ ಬಂದ್ರು. ಎಪ್ಪತ್ತೈದಾದ್ರೂ ಇರ್ಬೇಕು, ಚಕ್ರದ ಬ್ಯಾಗು ಎಳ್ಕೊಂಡು, ಮೇಲೆ ಈರುಳ್ಳಿ ಸೊಪ್ಪು ಇಣುಕ್ತಾ ಇತ್ತು. ನನ್ನ ನೋಡಿದ್ರು, ಮೆಟ್ಲು ನೋಡಿದ್ರು, ಬ್ಯಾಗನ್ನ ಗೋಡೆಗೆ ಒರಗಿಸಿ ಸೀದಾ ಬಂದು ಪ್ರ್ಯಾಮಿನ ಮುಂದಿನ ಚಕ್ರದ ಹತ್ರ ಕೈ ಹಾಕಿದ್ರು. ಬೇಡ ಬೇಡ ಭಾರ ಇದೆ ಅಂದೆ. ನಾನು ಮೂರು ಮಕ್ಕಳನ್ನ ಹೀಗೇ ಹತ್ತಿಸಿದೀನಿ, ಆಗ ಲಿಫ್ಟ್ ಎಲ್ಲಿತ್ತು ಅಂದ್ರು. ಪ್ರತಿ ಹತ್ತು ಮೆಟ್ಲಿಗೆ ನಿಂತು ಉಸಿರು ತಗೊಂಡು, ಪುಟ್ಟಿಗೆ ನಾಲಿಗೆ ತೋರ್ಸಿ, ಮತ್ತೆ ಎತ್ತೋದು. ಮೇಲೆ ಬಿಟ್ಟು ಟಾಟಾನೂ ಹೇಳ್ದೆ ಕಂಬಿ ಹಿಡ್ಕೊಂಡು ವಾಪಸ್ ಕೆಳಗೆ ಇಳಿದ್ರು, ತಮ್ಮ ಬ್ಯಾಗಿಗೆ. ಆ ಬ್ಯಾಗನ್ನ ಅವ್ರಿಗೆ ಯಾರು ಹತ್ತಿಸಿದ್ರು? ನಾನು ಪ್ರ್ಯಾಮ್ ಬಿಟ್ಟು ಇಳಿಯೋಕಾಗ್ದೆ ಮೇಲೆ ಸುಮ್ನೆ ನಿಂತಿದ್ದೆ. ಬಸ್ ಬಂತು, ಹತ್ಕೊಂಡೆ. ಈಗ ರಾತ್ರಿ ಅದೇ ನೆನಪಾಗ್ತಾ ಇದೆ.

ಮನೆಗೆ ಬಂದ್ರೆ ಅಮ್ಮನ ಫೋನು. ನಮಗೆ ಎರಡೂವರೆ ಅಂದ್ರೆ ಅಲ್ಲಿ ಏಳು, ದೇವರಿಗೆ ದೀಪ ಹಚ್ಚಿ ಕೂತ ತಕ್ಷಣ ಮಾಡ್ತಾಳೆ. ಪ್ಲಾನ್ ವಿಷಯ ಹೇಳ್ಬಾರ್ದಿತ್ತು, ಹೇಳ್ಬಿಟ್ಟೆ.

"ಎಳೇ ಕೂಸು ಕಟ್ಕೊಂಡು ನಾಲ್ಕು ರೈಲು ಬದಲಾಯಿಸ್ತೀಯಾ? ಕಾಲಿಗೆ ಚಕ್ರ ಇದ್ಯೇನೇ ನಿಂಗೆ? ಆ ಚಳೀಲಿ, ಆ ಎತ್ತರದಲ್ಲಿ?"

"ಎತ್ತರ ಏನಿಲ್ಲಮ್ಮ, ವೆಂಗನ್ 1274 ಮೀಟರು, ಕೆಮ್ಮಣ್ಣುಗುಂಡಿ 1434. ನಮ್ಮ ಕೆಮ್ಮಣ್ಣುಗುಂಡಿಗಿಂತ ಕೆಳಗೇ ಇದೆ."

ಸ್ವಲ್ಪ ಹೊತ್ತು ಮಾತಿಲ್ಲ. ಅಮ್ಮನ್ನ ಅಂಕಿಯಲ್ಲಿ ಸೋಲಿಸಿದ್ದು ಅದೇ ಮೊದ್ಲು. ವೆಂಗನ್‌ಗಿಂತ ಇನ್ನೂ ಮೇಲೆ ರೈಲು ಹೋಗೋ ಹಿಮದ ಜಾಗ ಯುಂಗ್‌ಫ್ರಾಯೋಖ್ ಬಗ್ಗೆ ನಾನು ಬಾಯಿ ಬಿಡ್ಲಿಲ್ಲ, ಅದು 3454 ಮೀಟರು, ಅಲ್ಲಿಗೆ ಇವಳನ್ನ ಕರ್ಕೊಂಡು ಹೋಗೋದು ಬೇಡ ಅಂತ ಮಕ್ಕಳ ಡಾಕ್ಟ್ರೇ ಖಡಾಖಂಡಿತ ಹೇಳಿದಾರೆ. ಇವ್ರೊಬ್ರೇ ಹೋಗಿ ಬರ್ತಾರಂತೆ, ನೋಡೋಣ ಬಿಡಿ, ಆ ಟಿಕೆಟ್ ರೇಟ್ ನೋಡಿದ್ಮೇಲೆ ಅವ್ರಿಗೇ ಉಸಿರಾಟದ ತೊಂದ್ರೆ ಶುರುವಾಗಿದೆ.

ಆಮೇಲೆ ಅಮ್ಮ ತಾನೇ ಶುರು ಮಾಡಿದ್ಳು. "ನಿನ್ನ ಐದು ತಿಂಗಳಿಗೇ ಹುಬ್ಬಳ್ಳಿಗೆ ಕರ್ಕೊಂಡು ಹೋಗಿದ್ದೆ ಮಾರಾಯ್ತಿ, ಒಬ್ಳೇ." ಇದು ನನಗೆ ಗೊತ್ತೇ ಇರ್ಲಿಲ್ಲ! 1990. ಅಪ್ಪಂಗೆ ಹುಬ್ಬಳ್ಳಿ ಬ್ರಾಂಚಿಗೆ ವರ್ಗ ಆಗಿತ್ತು, ಬಾಣಂತನ ಮುಗಿಸ್ಕೊಂಡು ಶಿವಮೊಗ್ಗದಿಂದ ಹೊರಟಿದ್ದು, ಅಜ್ಜ ರೈಲು ಹತ್ತಿಸಿ ಬಿಟ್ರಂತೆ ಅಷ್ಟೇ. ಆಗ ಎಲ್ಲಾ ಮೀಟರ್ ಗೇಜು, ಬೀರೂರಲ್ಲಿ ಇಳಿದು ಹುಬ್ಬಳ್ಳಿ ಕಡೆ ಗಾಡಿಗೆ ಕಾಯ್ಬೇಕು. ಒಂದು ಟ್ರಂಕು, ಒಂದು ಚೀಲ, ನಾನು. ಬೀರೂರು ಪ್ಲಾಟ್‌ಫಾರ್ಮಲ್ಲಿ ಎಷ್ಟು ಹೊತ್ತು ಕಾದೆ ಅಂತ ನೆನಪಿಲ್ವಂತೆ, ಸೊಳ್ಳೆ ಮಾತ್ರ ನೆನಪಿದ್ಯಂತೆ. ಗಾಡಿ ಬಂದಾಗ ನಾನು ಕಿಟಾರನೆ ಕಿರುಚ್ತಾ ಇದ್ನಂತೆ. ಹತ್ತಿದ ಮೇಲೆ ಅಮ್ಮ ಹಳೇ ಕಾಟನ್ ಸೀರೆ ತೆಗೆದು ಒಂದು ತುದಿ ಮೇಲಿನ ಹಲಗೆಯ ಸರಪಳಿಗೆ, ಇನ್ನೊಂದು ತುದಿ ಎದುರಿನ ಹಲಗೆಯ ಸರಪಳಿಗೆ ಕಟ್ಟಿ ಜೋಲಿ ಮಾಡಿದ್ಳಂತೆ. ಗಂಟು ಹಾಕೋಕೆ ಎರಡೂ ಕೈ ಬೇಕಲ್ಲ, ಆಗ ನನ್ನ ಯಾರು ಹಿಡ್ಕೊಂಡಿದ್ರು ಅಂದೆ.

"ಯಾರೋ ಒಬ್ಳು ಅಜ್ಜಿ. ಕೊಡವ್ವಾ ಇಲ್ಲಿ ಕೂಸಿನ್ನ, ನೀ ಮೊದ್ಲ ಒಂದ್ ತುತ್ತು ಉಣ್ಣು ಅಂದ್ಲು. ಕೊಟ್ಟೆ. ಹಾವೇರೀಲಿ ಇಳಿಯೋ ತನಕ ಅವಳ ಮಡಿಲಲ್ಲೇ ಇದ್ದೆ ನೀನು, ಜೋಲಿ ಕಟ್ಟಿದ್ದು ದಂಡ."

ಹೆಸ್ರು ಕೇಳಿದ್ಯಾ ಅಂದ್ರೆ, ಹೆಸ್ರು ಯಾಕೆ ಕೇಳ್ಬೇಕು ಅಂತಾಳೆ.

ನನಗೆ ರೈಲಿನ ಭಯ ಇಲ್ಲ, ಚಳಿ ಎತ್ತರ ಅದೂ ಅಲ್ಲ. ಪಿನ್ ಬಿದ್ರೂ ಕೇಳಿಸೋ ಬೋಗಿಯಲ್ಲಿ ಇವಳು ಅಳೋಕೆ ಶುರು ಮಾಡಿದಾಗ ನಲವತ್ತು ತಲೆ ಒಟ್ಟಿಗೆ ಪುಸ್ತಕದಿಂದ ಮೇಲೆದ್ದು ಮತ್ತೆ ಕೆಳಗೆ ಹೋಗ್ತಾವಲ್ಲ, ಅದು. ಯಾರೂ ಏನೂ ಅನ್ನಲ್ಲ, ಕೊಡಿ ಇಲ್ಲಿ ಅಂತಾನೂ ಅನ್ನಲ್ಲ. ಇಲ್ಲಿನೋರು ಅದಕ್ಕೆ ತಮ್ಮದೇ ದಾರಿ ಮಾಡ್ಕೊಂಡಿದಾರೆ, ಐಸಿಇ ಅನ್ನೋ ಇಲ್ಲಿನ ವೇಗದ ರೈಲಲ್ಲಿ ಚಿಕ್ಕ ಮಕ್ಕಳಿಗೆ ಅಂತಾನೇ ಒಂದು ಪುಟ್ಟ ಕೋಣೆ, ಬಾಗಿಲು ಹಾಕ್ಕೊಂಡು ಎಷ್ಟು ಬೇಕಾದ್ರೂ ಅಳಬಹುದು. ಆದ್ರೆ ಜ್ಯೂರಿಚ್‌ಗೆ ಹೋಗೋದು ಐಸಿಇ ಅಲ್ಲ, ಯೂರೋಸಿಟಿ ಅನ್ನೋ ಬೇರೆ ರೈಲು. ಸ್ವಿಸ್‌ನ ಡಬಲ್ ಡೆಕ್ಕರ್ ರೈಲುಗಳಲ್ಲಿ ಮಕ್ಕಳ ಬೋಗಿ ಇರತ್ತೆ, ಮೇಲ್ಗಡೆ ಜಾರುಬಂಡೆ ಸಮೇತ. ಟ್ಯಾಬ್ ಆರರಲ್ಲಿ ಅದರ ಫೋಟೋ ಇದೆ. ಕೂರೋಕೇ ಸರಿಯಾಗಿ ಬರ್ದಿರೋ ಕೂಸಿಗೆ ಜಾರುಬಂಡೆ ತಗೊಂಡು ಏನ್ ಮಾಡ್ಲಿ, ಇವ್ರೇ ಜಾರ್ಕೊಳ್ಳಲಿ.

ಅಂದಹಾಗೆ ಟ್ಯಾಬ್ ಒಂಬತ್ತು. ಇಂಟರ್‌ಲಾಕೆನ್ ಓಸ್ಟ್‌ನಿಂದ ಲೌಟರ್‌ಬ್ರುನೆನ್‌ಗೆ ಹೋಗೋ ಬರ್ನರ್ ಓಬರ್‌ಲಾಂಡ್ ರೈಲು, 1890ರಲ್ಲಿ ಶುರುವಾಗಿದ್ದು, ಹಳಿ ಅಗಲ 1000 ಮಿಲಿಮೀಟರ್. ಎರಡು ಸಲ ಓದಿದೆ. ಮೀಟರ್ ಗೇಜ್! ಬೀರೂರಿಂದು ಕಿತ್ತು ಬ್ರಾಡ್ ಗೇಜ್ ಮಾಡಿ ಯಾವ ಕಾಲ ಆಯ್ತು, ಇಷ್ಟು ದುಡ್ಡಿರೋ ದೇಶದಲ್ಲಿ ಇವತ್ತಿಗೂ ಅದೇ ಅಗಲದಲ್ಲಿ ಓಡಿಸ್ತಾ ಇದಾರೆ. ಲೌಟರ್‌ಬ್ರುನೆನ್‌ನಿಂದ ವೆಂಗನ್‌ಗೆ ಹತ್ತೋದು ಇನ್ನೂ ಸಣ್ಣದು, 800 ಮಿಲಿಮೀಟರ್. ಇವ್ರನ್ನ ಎಬ್ಬಿಸಿ ಹೇಳೋಣ ಅನ್ಸ್ತು, ಆದ್ರೆ ಎಬ್ಬಿಸಿದ್ರೆ ಇಬ್ರೂ ಏಳ್ತಾರೆ.

ಜ್ಯೂರಿಚ್‌ನಲ್ಲಿ ಒಂದು ರಾತ್ರಿ ಉಳ್ಕೊಂಡ್ರೆ ಹೇಗೆ? ಮೊದಲ್ನೇ ದಿನ ಮೂರೂವರೆ ನಾಲ್ಕು ಗಂಟೆ, ಒಂದೇ ರೈಲು, ಬದಲಾಯಿಸೋದೇ ಇಲ್ಲ. ಲಿಂಡಾವ್, ಬ್ರೆಗೆಂಝ್, ಸೇಂಟ್ ಗ್ಯಾಲನ್, ಒಂದೇ ಸೀಟಲ್ಲಿ ಕೂತು ಮೂರು ದೇಶ. ಇಡೀ ದಿನದಲ್ಲಿ ಅವಳು ಚೆನ್ನಾಗಿರೋದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರ ತನಕ, ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ. ಎರಡ್ನೇ ದಿನ ಮತ್ತೆ ಒಂಬತ್ತಕ್ಕೆ ಹೊರಟ್ರೆ ಊಟದ ಹೊತ್ತಿಗೆ ವೆಂಗನ್. ಆ ಏಳು ನಿಮಿಷದ ಗಾಡಿ ಬಿಟ್ಟು ಅದರ ಮುಂದಿಂದು ಹಿಡಿಯೋದು, ಸ್ಟೇಷನ್ನಲ್ಲಿ ಕೂತು ಬಾಳೆಹಣ್ಣು ತಿನ್ಸೋದು. ಪ್ರ್ಯಾಮ್ ಇಲ್ಲೇ ಬಿಟ್ಟು ಎದೆಗೆ ಕಟ್ಕೊಳೋ ಕ್ಯಾರಿಯರ್ ಮಾತ್ರ. ಪ್ರ್ಯಾಮ್ ಬಿಟ್ರೆ ಅಲ್ಲಿ ಮಲಗ್ಸೋದು ಎಲ್ಲಿ? ಇಲ್ಲ, ಸಣ್ಣ ಮಡಚೋ ಸ್ಟ್ರೋಲರ್ ಒಂದು ಸೆಕೆಂಡ್‌ಹ್ಯಾಂಡ್ ತಗೊಳೋದು. ರಾಗಿ ಸರಿ ಬೆಳಿಗ್ಗೇನೇ ಮಾಡಿ ಫ್ಲಾಸ್ಕಿಗೆ, ಅಡುಗೆಮನೆ ಇರೋ ಮನೇನೇ ಬಾಡಿಗೆಗೆ ನೋಡೋದು. ರಾಗಿ ಹಿಟ್ಟು ಮುಗೀತಾ ಬಂತು, ಅಮ್ಮ ಪಾರ್ಸಲ್ ಕಳ್ಸ್ತೀನಿ ಅಂದಿದಾಳೆ, ಅದ್ರ ಜೊತೆ ಬೇವೂ ಕಳ್ಸ್ಲಾ ಅಂತಾಳೆ, ಮುಂದಿನ ಗುರುವಾರನೇ ಯುಗಾದಿ, ಇಲ್ಲಿಗೆ ಬರೋ ಹೊತ್ತಿಗೆ ರಾಮನವಮೀನೂ ಮುಗಿದಿರತ್ತೆ.

ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾ ಪ್ರತಿಮೆ ಇದ್ಯಂತೆ. ಅತ್ತೆಗೆ ಅದರ ಪಕ್ಕ ಪುಟ್ಟಿ ಫೋಟೋ ಬೇಕಂತೆ. ಆಯ್ತು.

ಇಷ್ಟೆಲ್ಲಾ ಆದ್ಮೇಲೂ ಪುಟ್ಟಿ ರೆಸಿಡೆನ್ಸ್ ಕಾರ್ಡ್ ಇನ್ನೂ ಬಂದಿಲ್ಲ. ಪಾಸ್‌ಪೋರ್ಟ್ ಇದೆ, ಅದ್ರಲ್ಲಿ ಅವಳು ಯಾರಿಗೋ ಸಾಲ ಕೊಟ್ಟು ಕೈ ಕಚ್ಕೊಂಡಿರೋ ಸಾಹುಕಾರ್ರ ಥರ ಮುಖ ಮಾಡಿದಾಳೆ. ಕಾರ್ಡಿಗೆ ಅರ್ಜಿ ಹಾಕಿ ತಿಂಗಳುಗಳಾಯ್ತು, ಮೇಲ್ ಹಾಕಿದ್ರೆ ಯಂತ್ರ ಉತ್ತರ ಕೊಡತ್ತೆ. ಅದು ಕೈಗೆ ಬರ್ದೆ ಗಡಿ ದಾಟಿ, ವಾಪಸ್ ಬರ್ತಾ ಲಿಂಡಾವ್ ಹತ್ರ ಪೊಲೀಸ್ ಹತ್ತಿ ಕೇಳಿದ್ರೆ? ಅಮ್ಮ ಇದಕ್ಕೂ ಒಂದು ಅಂದ್ಳು, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡಿ ಅಂತ. ಆದ್ರೆ ಅಗ್ಗದ ಟಿಕೆಟ್ಟು ಈಗ್ಲೇ ತಗೊಂಡ್ರೆ ಮಾತ್ರ ಸಿಗೋದು, ತಗೊಂಡು ಹೋಗ್ದಿದ್ರೆ ದುಡ್ಡು ಹೋಯ್ತು. ಸ್ಕ್ರೀನ್ ಮೇಲೆ ಎರಡು ದೊಡ್ಡವರು, ಒಂದು ಕೂಸು, ಜೂನ್ 9, ಕಿಟಕಿ ಪಕ್ಕದ ಸೀಟು. ಬುಕ್ ಅನ್ನೋ ಗುಂಡಿ ಕೆಂಪಗೆ ಕೂತಿದೆ. ಇವ್ರನ್ನ ಕೇಳ್ದೆ ಒತ್ತಿಬಿಟ್ರೆ ನಾಳೆ ಬೆಳಿಗ್ಗೆ ಏನ್ ಮಾಡ್ತಾರೆ ಮಹಾ

ಎದ್ಳು.