ಅಜ್ಜ ಮೊದಲ ದಿನವೇ ಹೇಳಿದ್ದ ಸಪ್ಪಳ

ನರಗುಂದದ ಕಡೆ ಎರೆಹೊಲದಲ್ಲಿ ಕುರಿ ತರುಬಿದ್ದ ಅಜ್ಜ ಒಬ್ಬರು ದನದ ಡಾಕ್ಟರ್ ಅಂತ ನನ್ನನ್ನು ಕರೆಸಿದ್ದರು. ಅವರ ಗುಡಾರ, ಪಾತ್ರೆ, ಎಳೆ ಕುರಿಮರಿ ಎಲ್ಲ ಹೊರುವುದು ಒಂದೇ ಹೆಣ್ಣು ಕುದುರೆ. "ಮೂರ್ ಸಲ ಗಂಡು ಬಿಟ್ಟೀವ್ರಿ ಸಾಹೇಬ್ರ, ಗಬ್ಬ ನಿಂತಿಲ್ಲ. ನಡಿಯೂಮುಂದ ಹಿಂದಿಂದ ಗಾಳಿ ಸಪ್ಪಳಾ ಬರ್ತೈತಿ" ಅಂದರು.

ಕೊನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ದಿನಾ ಆಕಳು, ಎಮ್ಮೆ ನೋಡುವ ಕೈ ನನ್ನದು. ಕುದುರೆ ಬೆದೆಯಲ್ಲಿತ್ತು, ಗರ್ಭಕೋಶದಲ್ಲಿ ಕೀವಿತ್ತು. ಲ್ಯಾಬಿಗೆ ಕಳಿಸುವ ಸ್ವಾಬ್ (ಹತ್ತಿಕಡ್ಡಿಯ ಮಾದರಿ) ತೆಗೆಯದೆ, ಆಂಟಿಬಯೋಟಿಕ್ ಔಷಧವಾದ ಜೆಂಟಾಮೈಸಿನ್‌ಗೆ ಸೋಡಾ ಬೈಕಾರ್ಬ್ ಬೆರೆಸಿ ಮೂರು ದಿನ ಗರ್ಭಕೋಶದೊಳಗೆ ಬಿಟ್ಟೆ. ಕೀವಿನ ಮೇಲೆ ಸುರಿದರೆ ಆ ಔಷಧ ಕೆಲಸ ಮಾಡುವುದಿಲ್ಲ. ಗೊತ್ತಿದ್ದೂ ಮೊದಲು ತೊಳೆಯಲಿಲ್ಲ. ಸಂಜೆಯೊಳಗೆ ಆಸ್ಪತ್ರೆಗೆ ವಾಪಸ್ ಬರುವ ಅವಸರ.

ಮೂರು ವಾರಕ್ಕೆ ಮತ್ತೆ ಬೆದೆ, ಮತ್ತೆ ಫೋನ್. ಈ ಸಲ ಮೊದಲು ಸ್ವಾಬ್ ತೆಗೆದೆ. ಕುದುರೆಗೆ ಬೇಕಾದ ಉದ್ದನೆಯ, ಹೊರಗೆ ಕೊಳವೆ ಇರುವ ಗಾರ್ಡೆಡ್ ಸ್ವಾಬ್‌ಗೆ ಮೇಲಿನವರಿಗೆ ಎಷ್ಟು ಬೇಡಿಕೆ ಪಟ್ಟಿ ಹಾಕಿದರೂ ಬರುವುದಿಲ್ಲ, ಸ್ವಂತ ದುಡ್ಡಲ್ಲಿ ತರಿಸಿದೆ. ಹೊಲದಲ್ಲಿ ಟ್ರೆವಿಸ್, ಅಂದರೆ ಪ್ರಾಣಿ ಅಲುಗದಂತೆ ನಿಲ್ಲಿಸುವ ಕಂಬಗಳ ಚೌಕಟ್ಟು, ಎಲ್ಲಿಂದ ಬರಬೇಕು? ಬಂಡಿಗೆ ಒತ್ತಿ ನಿಲ್ಲಿಸಿ, ಮೇಲಿನ ತುಟಿಗೆ ಹಗ್ಗ ತಿರುಚಿ ಬಿಗಿಯುವ ಟ್ವಿಚ್ ಹಾಕಿದೆವು.

ಗರ್ಭಕೋಶ ತೊಳೆಯಲು ಒಂದು ಲೀಟರ್ ಬೆಚ್ಚಗಿನ ಸಲೈನ್ ಬಿಟ್ಟೆ. ಬಕೆಟ್‌ಗೆ ವಾಪಸ್ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಕ್ಕಿ ತೊಳೆದ ನೀರಿನ ಹಾಗೆ, ನಡುನಡುವೆ ಕೆನೆಯಂಥ ಚೂರು. ಉಳಿದದ್ದು ಒಳಗೇ ನಿಂತರೆ? ಗರ್ಭಕೋಶ ಹಿಂಡಿ ನೀರು ಹೊರಹಾಕುವಂತೆ ಆಕ್ಸಿಟೋಸಿನ್ 20 ಯೂನಿಟ್ ಕೊಟ್ಟೆ. ಐದು ನಿಮಿಷ ಏನೂ ಇಲ್ಲ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. "ಬಿಚ್ಚಿ ನಡೆಸ್ರಿ" ಅಂದೆ. ಹತ್ತು ಹೆಜ್ಜೆ ಹಾಕಿತು. ನೀರು ದಡದಡ ಸುರಿಯಿತು. ಅದರ ಹಿಂದೆಯೇ ಆ ಗಾಳಿ ಸಪ್ಪಳ.

ಬಾಲ ಎತ್ತಿ ನೋಡಿದೆ. ಕುದುರೆ ಬಡಕಲಾಗಿ ಗುದ ಒಳಗೆ ಸರಿದಿತ್ತು, ಯೋನಿಯ ಮೇಲ್ಭಾಗ ಅದರ ಜೊತೆ ವಾಲಿತ್ತು. ಲದ್ದಿ ನೇರ ಅಲ್ಲೇ ಬೀಳುತ್ತಿತ್ತು. ಹೆಜ್ಜೆಹೆಜ್ಜೆಗೂ ಗಾಳಿ, ಗಾಳಿ ಜೊತೆ ಹೊಲಸು. ಹೊರಗಿನಿಂದ ದಿನಾ ಹೋಗುತ್ತಲೇ ಇದ್ದರೆ ಒಳಗೆ ಯಾವ ಔಷಧ ಬಿಟ್ಟು ಏನು ಬಂತು? ಅಜ್ಜ ಮೊದಲ ದಿನವೇ ಹೇಳಿದ್ದರಲ್ವಾ. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಮೂರನೇ ಲೀಟರ್‌ಗೆ ನೀರು ತಿಳಿಯಾಯಿತು. ಲ್ಯಾಬಿನಿಂದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಅಂತ ಬಂತು, ಪೆನಿಸಿಲಿನ್‌ಗೆ ಬಗ್ಗುವಂಥದ್ದು. ಬೆದೆ ಇರುವಷ್ಟು ದಿನ ತೊಳೆದು ಪೆನಿಸಿಲಿನ್ 50 ಲಕ್ಷ ಯೂನಿಟ್ ಬಿಟ್ಟೆ. ಆಮೇಲೆ ಮರಗಟ್ಟಿಸುವ ಲಿಗ್ನೋಕೇನ್ ಕೊಟ್ಟು, ಗಾಳಿ ಹೋಗದಂತೆ ಯೋನಿಯ ಬಾಯಿಯ ಮೇಲ್ಭಾಗ ಮುಚ್ಚುವ ಕ್ಯಾಸ್ಲಿಕ್ ಹೊಲಿಗೆ ಹಾಕಿದೆ. ಮುಂದಿನ ಬೆದೆಗೆ ಹೊಲಿಗೆ ಬಿಚ್ಚಿ, ಗಂಡು ಬಿಡಿಸಿ, ಆರು ತಾಸು ಬಿಟ್ಟು ತೊಳೆದು, ಮತ್ತೆ ಹೊಲಿದೆ.

ಮೊನ್ನೆ ಹಿಂಡು ಮುಂದಿನ ಊರಿಗೆ ಹೊರಟಿತು. ಗಬ್ಬ ನಿಂತಿದ್ದರೆ 11 ತಿಂಗಳಿಗೆ ಅವರು ಯಾವ ಜಿಲ್ಲೆಯಲ್ಲಿರುತ್ತಾರೋ. ಹೊಲಿಗೆ ಬಿಚ್ಚದೆ ಮರಿ ಹಾಕಿದರೆ ಹರಿದುಹೋಗುತ್ತದೆ. ಅಲ್ಲಿಯ ಡಾಕ್ಟರಿಗೆ ತೋರಿಸಲು ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೊಟ್ಟೆ. ಅಜ್ಜ ಅದನ್ನು ಎಲೆ-ಅಡಿಕೆ ಚಂಚಿಯಲ್ಲಿ ಇಟ್ಟುಕೊಂಡರು. "ಸಪ್ಪಳಾ ನಿಂತೈತ್ರಿ ಈಗ" ಅಂದರು.