ಲಾಕ್-ಇನ್ ಮೂರು ವರ್ಷ, ಹೊಣೆ ಒಂಬತ್ತು ವರ್ಷದ್ದು: ಆಫೀಸ್ ಬಾಡಿಗೆ ಮತ್ತು ಇಂಡ್ ಎಎಸ್ 116

ಕಂಪನಿಗೆ ಆಫೀಸ್ ಜಾಗ ಹಿಡಿಯುವವರು ಚದರಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ತಿಂಗಳದ್ದು, ಪಾರ್ಕಿಂಗ್ ಎಷ್ಟು ಸಿಗುತ್ತದೆ ಎಂದು ಚೌಕಾಸಿ ಮಾಡುತ್ತಾರೆ. ಅವಧಿ, ನೋಟಿಸು, ನವೀಕರಣದ ಷರತ್ತುಗಳನ್ನು ವಕೀಲರಿಗೆ ಬಿಟ್ಟುಬಿಡುತ್ತಾರೆ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 (ಲೀಸ್ ಅಂದರೆ ಬಾಡಿಗೆ ಕರಾರುಗಳಿಗೆ ಅನ್ವಯಿಸುವ ಭಾರತೀಯ ಲೆಕ್ಕಪತ್ರ ಮಾನದಂಡ) ಜಾರಿಗೆ ಬಂದ ಮೇಲೆ ಬ್ಯಾಲೆನ್ಸ್ ಶೀಟಿಗೆ ಹೆಚ್ಚು ಭಾರ ಬೀಳುವುದು ಈ ಷರತ್ತುಗಳಿಂದಲೇ.

ಹಿಂದಿನ ಇಂಡ್ ಎಎಸ್ 17ರಲ್ಲಿ ಆಫೀಸ್ ಬಾಡಿಗೆ ಬಹುಪಾಲು ಆಪರೇಟಿಂಗ್ ಲೀಸ್ ಆಗಿರುತ್ತಿತ್ತು. ಖರ್ಚಿನಲ್ಲಿ ಒಂದು ಸಾಲು, ಅಷ್ಟೆ. ಈಗ ಮುಂದೆ ಕಟ್ಟಬೇಕಾದ ಬಾಡಿಗೆಯ ಇಂದಿನ ಮೌಲ್ಯವನ್ನು ಸಾಲದ ಹಾಗೆ ಹೊಣೆಯೆಂದು ತೋರಿಸಬೇಕು, ಎದುರಿಗೆ ಬಳಕೆ ಹಕ್ಕಿನ ಆಸ್ತಿಯನ್ನು, ಅಂದರೆ ಆ ಜಾಗ ಬಳಸುವ ಹಕ್ಕಿನ ಮೌಲ್ಯವನ್ನು, ತೋರಿಸಬೇಕು. ಲಿಸ್ಟ್ ಆದ ಕಂಪನಿಗಳಿಗೆ, ನಿವ್ವಳ ಮೌಲ್ಯ 250 ಕೋಟಿ ರೂಪಾಯಿ ಮುಟ್ಟಿದವುಗಳಿಗೆ ಮತ್ತು ಅವುಗಳ ಅಂಗಸಂಸ್ಥೆಗಳಿಗೆ ಇದು ಕಡ್ಡಾಯ.

ಬೆಂಗಳೂರಿನ ಮಾಮೂಲಿ ಕರಾರಿನ ಮಾದರಿಯಲ್ಲೇ ಒಂದು ಲೆಕ್ಕ ಹಾಕೋಣ. 20,000 ಚದರಡಿ, ಚದರಡಿಗೆ 90 ರೂಪಾಯಿ, ಅಂದರೆ ವರ್ಷಕ್ಕೆ 2.16 ಕೋಟಿ. ಅವಧಿ ಒಂಬತ್ತು ವರ್ಷ, ಮೂರು ವರ್ಷಕ್ಕೊಮ್ಮೆ 15% ಏರಿಕೆ, ಲಾಕ್-ಇನ್ (ಬಾಡಿಗೆದಾರರು ಜಾಗ ಬಿಡುವಂತಿಲ್ಲದ ಅವಧಿ) ಮೂರು ವರ್ಷ, ಇಂದಿನ ಮೌಲ್ಯ ಲೆಕ್ಕಹಾಕುವ ಬಡ್ಡಿ ದರ 9%. ವರ್ಷದ ಕೊನೆಗೊಮ್ಮೆ ಕಟ್ಟಿದಂತೆ ಸರಳ ಮಾಡಿಕೊಂಡರೆ, ಮೂರು ವರ್ಷದ ಲೀಸ್ ಎಂದು ಹಿಡಿದಾಗ ಹೊಣೆ 5.47 ಕೋಟಿ. ಒಂಬತ್ತು ವರ್ಷ ಎಂದರೆ 14.63 ಕೋಟಿ. ಕರಾರು ಒಂದೇ, ಅವಧಿಯನ್ನು ಹೇಗೆ ಹಿಡಿಯುತ್ತೀರಿ ಎಂಬುದಷ್ಟೇ ಬೇರೆ.

ಹಾಗಾದರೆ ಯಾವುದು ಸರಿ? ಲಾಕ್-ಇನ್ ಮುಗಿದ ಮೇಲೆ ಯಾರು ಬಿಡಬಹುದು ಎಂದು ಮೊದಲು ನೋಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಾಡಿಗೆದಾರರು ನೋಟಿಸು ಕೊಟ್ಟು ಹೊರಡಬಹುದು, ಓನರ್ ಬಿಡಿಸುವಂತಿಲ್ಲ. ಆಗ ಉಳಿದ ಆರು ವರ್ಷ ಬಾಡಿಗೆದಾರರ ಆಯ್ಕೆಗೆ ಸೇರಿದ್ದು. ಆ ಆಯ್ಕೆಯನ್ನು ಬಳಸಿ ಜಾಗ ಬಿಡುವುದಿಲ್ಲ ಎಂಬುದು ಬಹುಮಟ್ಟಿಗೆ ಖಚಿತವಾಗಿದ್ದರೆ ಆರೂ ವರ್ಷಗಳನ್ನು ಸೇರಿಸಲೇಬೇಕು. ಇಬ್ಬರೂ ದೊಡ್ಡ ನಷ್ಟವಿಲ್ಲದೆ ಕೈಬಿಡಬಹುದಾದರೆ ಮಾತ್ರ ಕರಾರು ನೋಟಿಸಿನ ಅವಧಿಗೆ ನಿಲ್ಲುತ್ತದೆ. ಇಲ್ಲಿ ನಷ್ಟ ಎಂದರೆ ಕರಾರಿನಲ್ಲಿ ಬರೆದ ದಂಡವಷ್ಟೇ ಅಲ್ಲ. ಬಿಟ್ಟುಹೋಗುವ ಇಂಟೀರಿಯರ್, ಸಾಗಿಸುವ ಖರ್ಚು, ಕೆಲಸ ನಿಲ್ಲುವ ದಿನಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳನ್ನು (ಐಎಫ್‌ಆರ್‌ಎಸ್) ವಿವರಿಸುವ ವ್ಯಾಖ್ಯಾನ ಸಮಿತಿ 2019ರ ನವೆಂಬರಿನಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಆಡಿಟರ್ ಮೊದಲು ಕೈ ಇಡುವುದೂ ಇಲ್ಲಿಯೇ. ಚದರಡಿಗೆ 2,500 ರೂಪಾಯಿಯಂತೆ ಐದು ಕೋಟಿ ಸುರಿದು ಇಂಟೀರಿಯರ್ ಮಾಡಿಸಿ, ಅದನ್ನು ಒಂಬತ್ತು ವರ್ಷಕ್ಕೆ ಸವಕಳಿ ಹಾಕುತ್ತ, ಪಕ್ಕದ ಶೀಟಿನಲ್ಲಿ ಲೀಸ್ ಅವಧಿ ಮೂರೇ ವರ್ಷ ಎಂದರೆ ಆ ವಾದ ನಿಲ್ಲುವುದಿಲ್ಲ. ಎರಡೂ ಅವಧಿಗಳು ತಾಳೆಯಾಗಬೇಕು.

ಲಾಭ-ನಷ್ಟದ ಆಕಾರವೂ ಬದಲಾಗುತ್ತದೆ. ಒಂಬತ್ತು ವರ್ಷದ ಲೆಕ್ಕದಲ್ಲಿ ಮೊದಲ ವರ್ಷ ಬಡ್ಡಿ 1.32 ಕೋಟಿ, ಸವಕಳಿ 1.63 ಕೋಟಿ, ಒಟ್ಟು ಸುಮಾರು 2.94 ಕೋಟಿ. ಕೈಯಿಂದ ಹೋಗುವುದು ಮಾತ್ರ 2.16 ಕೋಟಿ. ಒಂಬತ್ತನೇ ವರ್ಷದ ಖರ್ಚು 1.86 ಕೋಟಿಗೆ ಇಳಿಯುತ್ತದೆ, ಆಗ ಕಟ್ಟುವ ಬಾಡಿಗೆ 2.86 ಕೋಟಿ. ಬಾಡಿಗೆಯ ಸಾಲೇ ಮಾಯವಾಗುವುದರಿಂದ ಎಬಿಟ್‌ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಚೆನ್ನಾಗಿ ಕಾಣುತ್ತದೆ, ಆದರೆ ಸಾಲದ ಅನುಪಾತ ಕೆಡುತ್ತದೆ. ಬ್ಯಾಂಕಿನ ಸಾಲಪತ್ರದಲ್ಲಿ ಲೀಸ್ ಹೊಣೆಯನ್ನು ಸಾಲವೆಂದು ಎಣಿಸುತ್ತಾರೋ ಇಲ್ಲವೋ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಓದಿಕೊಳ್ಳಿ.

ಇನ್ನು ಪದೇ ಪದೇ ತಪ್ಪುವುದು ಆರಂಭದ ದಿನಾಂಕ. ಇಂಟೀರಿಯರ್ ಕೆಲಸಕ್ಕೆಂದು ನಾಲ್ಕು ತಿಂಗಳು ಬಾಡಿಗೆ ಮಾಫಿ ಕೊಟ್ಟಿದ್ದರೂ ಲೀಸ್ ಶುರುವಾಗುವುದು ಜಾಗವನ್ನು ಬಳಕೆಗೆ ವಹಿಸಿಕೊಟ್ಟ ದಿನದಿಂದ, ಮೊದಲ ಬಾಡಿಗೆಯ ದಿನದಿಂದಲ್ಲ. ಕೀ ಹಸ್ತಾಂತರಿಸಿದ ಪತ್ರ ಪ್ರಾಜೆಕ್ಟ್ ತಂಡದ ಫೋಲ್ಡರಿನಲ್ಲೇ ಉಳಿದರೆ ನಾಲ್ಕು ತಿಂಗಳ ಬಡ್ಡಿ ಮತ್ತು ಸವಕಳಿ ಲೆಕ್ಕಕ್ಕೆ ಬರುವುದೇ ಇಲ್ಲ.

ಅಡ್ವಾನ್ಸನ್ನೂ ಮರೆಯುತ್ತಾರೆ. ಹತ್ತು ತಿಂಗಳದ್ದು ಎಂದರೆ 1.80 ಕೋಟಿ. ಬಡ್ಡಿಯಿಲ್ಲದೆ ಒಂಬತ್ತು ವರ್ಷ ಓನರ್ ಬಳಿ ಇರುವ ಆ ಹಣದ ಇಂದಿನ ಮೌಲ್ಯ, 9% ದರದಲ್ಲಿ, ಸುಮಾರು 83 ಲಕ್ಷ. ಉಳಿದ 97 ಲಕ್ಷ ಮುಂಗಡ ಬಾಡಿಗೆಯಿದ್ದಂತೆ, ಬಳಕೆ ಹಕ್ಕಿನ ಆಸ್ತಿಗೆ ಸೇರುತ್ತದೆ. ಜಾಗವನ್ನು ಮೊದಲಿದ್ದ ಸ್ಥಿತಿಗೆ ತಂದು ಒಪ್ಪಿಸುವ ಷರತ್ತಿದ್ದರೆ ಆ ಖರ್ಚಿನ ಅಂದಾಜೂ ಅಲ್ಲಿಗೇ. ಮೆಂಟೆನೆನ್ಸ್ ಶುಲ್ಕವನ್ನು ಬೇರ್ಪಡಿಸಿ. ಬಾಡಿಗೆಯ ಜೊತೆ ಸೇರಿಸಲು ಅವಕಾಶವಿದೆ, ಆದರೆ ಕಟ್ಟಡಗಳ ವಿಷಯದಲ್ಲಿ ಹಾಗೆ ಮಾಡಿದರೆ ಹೊಣೆ ಸುಮ್ಮನೆ ಉಬ್ಬುತ್ತದೆ. ಓನರ್ ಬಳಿ ಬಾಡಿಗೆ ಮತ್ತು ಮೆಂಟೆನೆನ್ಸ್‌ಗೆ ಬೇರೆ ಬೇರೆ ದರ ಬರೆಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

11 ತಿಂಗಳ ಕರಾರು ಮಾಡಿಕೊಂಡರೆ ಪಾರಾಗಬಹುದು ಎಂಬ ನಂಬಿಕೆ ಇದೆ. 12 ತಿಂಗಳೊಳಗಿನ ಲೀಸ್‌ಗೆ ವಿನಾಯಿತಿ ಇರುವುದು ನಿಜ. ಆದರೆ ನವೀಕರಿಸುವ ಹಕ್ಕು ನಿಮ್ಮದಾಗಿದ್ದು, ನವೀಕರಿಸುವುದು ಬಹುಮಟ್ಟಿಗೆ ಖಚಿತವಾಗಿದ್ದರೆ ಆ ವಿನಾಯಿತಿ ಸಿಗದು. ಕೋವರ್ಕಿಂಗ್ ಜಾಗವೂ ತಾನಾಗಿಯೇ ಹೊರಗುಳಿಯುವುದಿಲ್ಲ. ನಡೆಸುವವರು ತಮ್ಮ ಅನುಕೂಲಕ್ಕೆ ನಿಮ್ಮನ್ನು ಬೇರೆ ಸೀಟುಗಳಿಗೆ ಕಳಿಸಬಲ್ಲರಾದರೆ ಅದು ಸೇವೆ. ಇಡೀ ಮಹಡಿಯನ್ನು ನಿಮಗೆಂದೇ ಸಿದ್ಧಮಾಡಿ ಕೊಟ್ಟಿದ್ದರೆ ಅದನ್ನು ಲೀಸ್ ಎಂದೇ ನೋಡಬೇಕಾಗುತ್ತದೆ. ಅಮೆರಿಕದ ಮಾತೃಸಂಸ್ಥೆ ಇರುವ ಬೆಂಗಳೂರಿನ ಕೇಂದ್ರಗಳು ಅಲ್ಲಿನ ಲೀಸ್ ಮಾನದಂಡವಾದ ಎಎಸ್‌ಸಿ 842 ಪ್ರಕಾರ ಎರಡನೇ ಲೆಕ್ಕವನ್ನೂ ಇಡಬೇಕು. ಅಲ್ಲೂ ಹೊಣೆ ಬ್ಯಾಲೆನ್ಸ್ ಶೀಟಿಗೆ ಬರುತ್ತದೆ, ಆದರೆ ಆಪರೇಟಿಂಗ್ ಲೀಸ್‌ನ ಖರ್ಚು ಪ್ರತಿ ವರ್ಷ ಸಮನಾಗಿರುತ್ತದೆ.

ಕೊನೆಯದಾಗಿ ಜಾಗ ಬಿಟ್ಟುಕೊಡುವ ಮಾತು, ಮನೆಯಿಂದ ಕೆಲಸ ಬಂದ ಮೇಲೆ ಇದು ಹೆಚ್ಚಾಗಿದೆ. ಮೇಲಿನ ಕರಾರಿನಲ್ಲೇ ನಾಲ್ಕನೇ ವರ್ಷದ ಕೊನೆಗೆ 10,000 ಚದರಡಿ ಮರಳಿಸಿದಿರಿ ಎಂದುಕೊಳ್ಳಿ. ಆಗ ಉಳಿದ ಹೊಣೆ 10.46 ಕೋಟಿ, ಆಸ್ತಿ 8.13 ಕೋಟಿ. ಎರಡರಲ್ಲೂ ಅರ್ಧ ತೆಗೆದರೆ, ಅಡ್ವಾನ್ಸ್ ಬದಿಗಿಟ್ಟು, 1.16 ಕೋಟಿ ಲಾಭ ಬರುತ್ತದೆ. ಅಷ್ಟಕ್ಕೇ ಹಿಗ್ಗುವಂತಿಲ್ಲ, ಬಿಟ್ಟುಹೋಗುವ ಅರ್ಧ ಇಂಟೀರಿಯರ್‌ನ ಉಳಿಕೆ 1.39 ಕೋಟಿಯನ್ನು ವಜಾ ಮಾಡಬೇಕು. ಉಳಿಸಿಕೊಂಡ ಅರ್ಧದ ಬಾಡಿಗೆ ಅದೇ ಮಾತುಕತೆಯಲ್ಲಿ ಬದಲಾಗಲಿ, ಬದಲಾಗದಿರಲಿ, ಆ ಹೊಣೆಯನ್ನು ಆ ದಿನದ ಹೊಸ ಬಡ್ಡಿ ದರದಲ್ಲಿ ಮತ್ತೆ ಅಳೆಯಬೇಕು. ಲೆಕ್ಕಕ್ಕೆ ಹಿಡಿಯುವ ದಿನ ಎರಡೂ ಕಡೆಯವರು ಒಪ್ಪಿದ ದಿನ. ಆದ್ದರಿಂದ ಮಾರ್ಚ್ ಕೊನೆಯ ವಾರದಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಫೈನಾನ್ಸ್ ವಿಭಾಗಕ್ಕೆ ಕರಡು ಕಳಿಸಿ.