ಪ್ರತಿಯೊಬ್ಬರೂ ತಮ್ಮ ವಿಶ್ವಾಸಪ್ರಮಾಣವನ್ನು ತಾವೇ ಬರೆಯುವ ಸಭೆ

ತುಮಕೂರು, ಭಾನುವಾರ, 19 ಅಕ್ಟೋಬರ್ 2025

ಡಚ್ ದೇವತಾಶಾಸ್ತ್ರಜ್ಞ ಯಾಕೊಬುಸ್ ಆರ್ಮಿನಿಯುಸ್ ತೀರಿಕೊಂಡದ್ದು 1609ರ ಇದೇ ಅಕ್ಟೋಬರ್ 19ರಂದು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಅವನ ಹೆಸರೆತ್ತುವವರಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಗುಬ್ಬಿಗೂ ತುಮಕೂರಿಗೂ ಬಂದ ವೆಸ್ಲಿಯನ್ ಮಿಷನರಿಗಳು, ಕ್ರಿಸ್ತನು ಸತ್ತದ್ದು ಎಲ್ಲರಿಗಾಗಿಯೇ ಹೊರತು ಆರಿಸಲ್ಪಟ್ಟ ಕೆಲವರಿಗಾಗಿ ಅಲ್ಲ ಎಂದು ಸಾರಿದ್ದರ ಹಿಂದೆ ಅವನ ವಾದವಿತ್ತು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿಯಂತೂ 1778ರಲ್ಲಿ ತಾನು ಆರಂಭಿಸಿದ ಪತ್ರಿಕೆಗೆ ಆರ್ಮಿನಿಯುಸನ ಹೆಸರನ್ನೇ ಇಟ್ಟಿದ್ದ. ಆರ್ಮಿನಿಯುಸನ ನೇರ ಶಿಷ್ಯಪರಂಪರೆ ನೆದರ್ಲ್ಯಾಂಡ್ಸ್‌ನಲ್ಲಿ ರೆಮಾನ್‌ಸ್ಟ್ರಂಟ್ ಎಂಬ ಪುಟ್ಟ ಸಭೆಯಾಗಿ ಇಂದಿಗೂ ಉಳಿದಿದೆ.

ಯಾರಿಗೆ ರಕ್ಷಣೆ, ಯಾರಿಗೆ ನಾಶನ ಎಂಬುದನ್ನು ದೇವರು ಅನಾದಿಯಲ್ಲೇ ಗೊತ್ತುಮಾಡಿದ್ದಾನೆ ಎನ್ನುವುದು ಸುಧಾರಕ ಜಾನ್ ಕ್ಯಾಲ್ವಿನನ ಪಂಥದ ಕಟ್ಟಾ ನಿಲುವು. ಆರ್ಮಿನಿಯುಸ್ ಒಪ್ಪದಿದ್ದುದು ಇದನ್ನೇ. ಮಧ್ವಮತದ ನಿತ್ಯಸಂಸಾರಿ (ಎಂದಿಗೂ ಹುಟ್ಟುಸಾವಿನ ಚಕ್ರದಲ್ಲೇ ಉಳಿಯುವವ), ತಮೋಯೋಗ್ಯ (ಅಂಧತಮಸ್ಸಿಗೆ ಯೋಗ್ಯ) ಎಂಬ ವಿಭಾಗಗಳನ್ನು ಕೇಳಿಬಲ್ಲ ನಮ್ಮವರಿಗೆ ಇಂಥ ಪ್ರಶ್ನೆಯ ಬಿಸಿ ಹೊಸದಲ್ಲ. ಅಲ್ಲಿ ಮಾತು ಜೀವಸ್ವಭಾವದ್ದು, ಇಲ್ಲಿ ದೈವಾಜ್ಞೆಯದ್ದು ಎಂಬ ವ್ಯತ್ಯಾಸವಂತೂ ಇದೆ. ಕೃಪೆಯಿಲ್ಲದೆ ಮನುಷ್ಯನಿಂದ ಏನೂ ಆಗದು, ಆದರೆ ಬಂದ ಕೃಪೆಯನ್ನು ಬೇಡವೆನ್ನಲು ಅವನಿಗೆ ಸಾಧ್ಯ ಎಂದು ಆರ್ಮಿನಿಯುಸನ ಅನುಯಾಯಿಗಳು 1610ರಲ್ಲಿ ಐದು ಅಂಶಗಳ ಮನವಿಯೊಂದನ್ನು ಸಲ್ಲಿಸಿದರು. 1618–19ರ ಡಾರ್ಟ್ ಮಹಾಸಭೆ (ಡಚ್ ಸುಧಾರಿತ ಸಭೆಯ ರಾಷ್ಟ್ರೀಯ ಕೂಟ) ಅದನ್ನು ತಳ್ಳಿಹಾಕಿತು. ಸುಮಾರು 200 ಪಾದ್ರಿಗಳು ಹುದ್ದೆ ಕಳೆದುಕೊಂಡರು. ರಾಜಕೀಯವೂ ಬೆರೆತಿದ್ದರಿಂದ ಅವರ ಬೆಂಬಲಿಗನಾಗಿದ್ದ ವೃದ್ಧ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆಯೇ ಹೋಯಿತು. ಅದೇ ಪಕ್ಷದವನಾಗಿ ಸೆರೆಯಲ್ಲಿದ್ದ ನ್ಯಾಯವೇತ್ತ ಹ್ಯೂಗೋ ಗ್ರೋಷಿಯಸ್ 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಪಾರಾದ. ದೇಶಭ್ರಷ್ಟರಾದ ಈ ಪ್ರೊಟೆಸ್ಟೆಂಟ್ ಪಾದ್ರಿಗಳು ತಮ್ಮ ಸಹೋದರತ್ವವನ್ನು (ಇಂದಿನ ರೆಮಾನ್‌ಸ್ಟ್ರಂಟ್ ಸಭೆಯನ್ನು) ಸ್ಥಾಪಿಸಿದ್ದು 1619ರಲ್ಲಿ, ಅದೂ ಕ್ಯಾಥೊಲಿಕ್ ಆಳ್ವಿಕೆಯ ಆಂಟ್‌ವರ್ಪ್ ನಗರದಲ್ಲಿ, ಎಂಬುದನ್ನು ಓದಿ ನಗು ಬಂತು.

ಅಂದು ಒಂದು ಸಿದ್ಧಾಂತಕ್ಕಾಗಿ ಹೊರಬಿದ್ದವರು ಇಂದು ಯಾವ ಸಿದ್ಧಾಂತವನ್ನೂ ಸದಸ್ಯರ ಮೇಲೆ ಹೇರುವುದಿಲ್ಲ. ಯೇಸು ಕ್ರಿಸ್ತನ ಸುವಾರ್ತೆಯಲ್ಲಿ ಬೇರೂರಿ, ಸ್ವಾತಂತ್ರ್ಯಕ್ಕೂ ಸಹಿಷ್ಣುತೆಗೂ ನಿಷ್ಠವಾಗಿದ್ದು ದೇವರನ್ನು ಆರಾಧಿಸಿ ಸೇವಿಸುವ ಸಮುದಾಯ ತಾವು ಎಂಬ ತತ್ತ್ವವಾಕ್ಯವಷ್ಟೇ ಅವರನ್ನು ಒಟ್ಟಿಗೆ ಹಿಡಿದಿದೆ. ಸದಸ್ಯರಾಗ ಬಯಸುವವರು ತಮ್ಮ ನಂಬಿಕೆಯೇನೆಂದು ತಾವೇ ಬರೆದು ಆರಾಧನೆಯಲ್ಲಿ ಎಲ್ಲರೆದುರು ಹೇಳುತ್ತಾರೆ. ಇಡೀ ಸಭೆಯ ಪರವಾಗಿ 1621, 1940 ಮತ್ತು 2006ರಲ್ಲಿ ವಿಶ್ವಾಸಪ್ರಮಾಣಗಳು (ನಂಬಿಕೆಯ ಸಾರ ಹೇಳುವ ಹೇಳಿಕೆಗಳು) ರಚನೆಯಾದರೂ ಅವು ಯಾರನ್ನೂ ಕಟ್ಟಿಹಾಕುವುದಿಲ್ಲ. ಬಿಷಪ್ಪರಿಲ್ಲ, ಸ್ಥಳೀಯ ಸಭೆಗಳು ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುತ್ತವೆ, ಸಾಮಾನ್ಯ ವಿಷಯಗಳನ್ನು ಪ್ರತಿನಿಧಿಗಳ ಮಹಾಸಭೆ ನಿರ್ಧರಿಸುತ್ತದೆ. ಸದಸ್ಯತ್ವ ಪಡೆಯದೆ ‘ಸ್ನೇಹಿತ’ರಾಗಿ ಜೊತೆಗಿರುವವರಿಗೂ ಸ್ಥಾನವಿದೆ. ಸಲಿಂಗ ಜೋಡಿಗಳ ಸಂಬಂಧವನ್ನು ಇವರು 1986ರಿಂದಲೇ ಆಶೀರ್ವದಿಸುತ್ತಿದ್ದಾರೆ. ನಮ್ಮ ಧರ್ಮಪ್ರಾಂತ್ಯದಲ್ಲಿ ಈ ಮಾತೆತ್ತುವುದೂ ಕಷ್ಟ.

ಇದು ಸಡಿಲ ವ್ಯವಸ್ಥೆ, ಯಾರು ಏನು ನಂಬಿದರೂ ನಡೆಯುತ್ತದೆ ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಅಪೊಸ್ತಲರ ವಿಶ್ವಾಸಪ್ರಮಾಣವನ್ನು ನಾನು ಬಾಲ್ಯದಿಂದ ಎಲ್ಲರೊಡನೆ ಎದ್ದುನಿಂತು ಹೇಳುತ್ತ ಬಂದಿದ್ದೇನೆ. ನಾಲಿಗೆ ತಾನಾಗಿ ಓಡುತ್ತದೆ, ಪಕ್ಕದವರ ದನಿ ನನ್ನ ಅನುಮಾನವನ್ನು ಮುಚ್ಚುತ್ತದೆ. ಆ ಆಸರೆ ದೊಡ್ಡದೇ. ಸಾವಿನ ಮನೆಯಲ್ಲಿ ಸ್ವಂತ ವಾಕ್ಯ ಹುಡುಕುತ್ತ ಕೂರಲಾಗದು. ಆದರೆ ಆ ಆಸರೆಯಿಲ್ಲದೆ, ‘ಪುನರುತ್ಥಾನವೆಂದರೆ ನಾನು ತಿಳಿದಿರುವುದು ಇದು, ಇಷ್ಟನ್ನು ನಂಬುತ್ತೇನೆ, ಇಷ್ಟನ್ನು ನಂಬಲಾರೆ’ ಎಂದು ಬರೆಯಬೇಕಾದವನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಇಂಥ ಸಭೆ ದೊಡ್ಡದಾಗಿ ಬೆಳೆಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ನಮ್ಮಲ್ಲಿ ದೃಢೀಕರಣಕ್ಕೆ (ಸಭೆಯ ಪೂರ್ಣ ಸದಸ್ಯರಾಗುವ ವಿಧಿಗೆ) ಸಿದ್ಧರಾಗುವ ಮಕ್ಕಳಿಗೆ, ಕಂಠಪಾಠದ ಜೊತೆಗೆ, ಒಂದು ಪುಟ ಸ್ವಂತವಾಗಿ ಬರೆಯಲು ಹೇಳಬಹುದೇ ಎಂದು ಸಭಾಪಾಲಕರನ್ನು ಕೇಳಬೇಕೆಂದಿದ್ದೇನೆ.